ಸಣ್ಣ ಕಳ್ಳತನ, ಸಣ್ಣ ಮೋಸ: ಜೈಲು ಬಿಟ್ಟರೆ ಇರುವ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು?

ಒಂದು ಉದಾಹರಣೆ ಕಟ್ಟಿಕೊಂಡೇ ಮಾತಾಡೋಣ. ತಾಲ್ಲೂಕು ಊರಿನ ವಾರದ ಸಂತೆ. ನೆಲದ ಮೇಲೆ ಟಾರ್ಪಾಲು ಹಾಸಿಕೊಂಡು ತರಕಾರಿ ಮಾರುವ ಹೆಂಗಸೊಬ್ಬರು. ಟೀ ಕುಡಿದು ಬರುವಷ್ಟರಲ್ಲಿ ಅವರ ಎಲೆಕ್ಟ್ರಾನಿಕ್ ತಕ್ಕಡಿ ಮಾಯ. ಎತ್ತಿಕೊಂಡು ಹೋದವನು ಇಪ್ಪತ್ತು ವರ್ಷದ ಹುಡುಗ. ಗುಜರಿ ಅಂಗಡಿಗೆ 600 ರೂಪಾಯಿಗೆ ಕೊಟ್ಟು ಕೈತೊಳೆದುಕೊಂಡಿದ್ದಾನೆ. ಯಾರಿಗೂ ಹೊಡೆದಿಲ್ಲ, ಹೆದರಿಸಿಲ್ಲ. ಹಿಂದೆ ಯಾವ ಕೇಸೂ ಇಲ್ಲ. ತಕ್ಕಡಿಯ ಬೆಲೆ 4,500 ರೂಪಾಯಿ.

ಈ ಹುಡುಗನನ್ನು ಏನು ಮಾಡಬೇಕು? ‘ಒಳಗೆ ಹಾಕಿ, ಬುದ್ಧಿ ಬರುತ್ತೆ’ ಎನ್ನುವವರಿದ್ದಾರೆ. ‘ಹೋಗ್ಲಿ ಬಿಡಿ, ಚಿಕ್ಕ ಹುಡುಗ’ ಎನ್ನುವವರೂ ಇದ್ದಾರೆ. ಇವೆರಡರ ನಡುವೆ ನಮ್ಮ ಕಾನೂನಿನಲ್ಲೇ ನಾಲ್ಕೈದು ದಾರಿಗಳಿವೆ. ಆರೋಪಿಯ ಮನೆಯವರಿಗೂ ಗೊತ್ತಿರುವುದಿಲ್ಲ, ಕಳೆದುಕೊಂಡವರಿಗೂ ಗೊತ್ತಿರುವುದಿಲ್ಲ. ವಕೀಲರು ತಮಗೆ ರೂಢಿಯಾದ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ಅಷ್ಟೆ. ಹಾಗಾಗಿ ಎರಡೂ ಕಡೆಯವರಿಗೆ ಉಪಯೋಗವಾಗುವಂತೆ ಇವನ್ನು ಪಕ್ಕಪಕ್ಕ ಇಟ್ಟು ನೋಡೋಣ. ಅಳತೆಗೋಲಾಗಿ ರೆಸ್ಟೋರೇಟಿವ್ ಜಸ್ಟಿಸ್ ಅನ್ನು ಇಟ್ಟುಕೊಳ್ಳುತ್ತೇನೆ. ಅಂದರೆ, ಆದ ಹಾನಿಯನ್ನು ಮಾಡಿದವನ ಕೈಯಲ್ಲೇ ಸರಿಪಡಿಸುವ ನ್ಯಾಯ.

ಅಳತೆಗೋಲು ಯಾವುದು

1974ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಇಬ್ಬರು ಹುಡುಗರು ಕುಡಿದು ರಾತ್ರಿಯೆಲ್ಲ ದಾಂಧಲೆ ಮಾಡಿದರು. ಕಾರುಗಳ ಟೈರು ಕೊಯ್ದರು, ಕಿಟಕಿಯ ಗಾಜು ಒಡೆದರು. ಒಟ್ಟು 22 ಕಡೆ ನಷ್ಟ. ಇಬ್ಬರೂ ತಪ್ಪೊಪ್ಪಿಕೊಂಡರು. ಇವರನ್ನು ನಷ್ಟವಾದವರ ಮನೆಗೇ ಕರೆದುಕೊಂಡು ಹೋದರೆ ಹೇಗೆ ಎಂದು ಪ್ರೊಬೇಷನ್ (ಜೈಲಿಗೆ ಕಳಿಸದೆ ನಿಗಾದಲ್ಲಿಡುವುದು) ಅಧಿಕಾರಿಯೊಬ್ಬರು ಕೇಳಿದರು. ನ್ಯಾಯಾಧೀಶರು ಮೊದಲು ಹಿಂದೇಟು ಹಾಕಿ, ಆಮೇಲೆ ಆದೇಶ ಮಾಡಿದರು. ಹುಡುಗರು ಮನೆಮನೆಯ ಬಾಗಿಲು ತಟ್ಟಿದರು. ‘ನಿಮ್ಮ ಗಾಜು ಒಡೆದವರು ನಾವೇ’ ಎಂದು ಹೇಳಿಕೊಂಡರು. ಬೈಸಿಕೊಂಡರು. ಯಾರಿಗೆ ಎಷ್ಟು ನಷ್ಟ ಎಂದು ಬರೆದುಕೊಂಡರು. ಕೆಲವೇ ತಿಂಗಳಲ್ಲಿ ಆ ಹಣ ಕಟ್ಟಿಕೊಟ್ಟರು. ಇವತ್ತು ದೊಡ್ಡ ದೊಡ್ಡ ಸೆಮಿನಾರುಗಳಲ್ಲಿ ಚರ್ಚೆಯಾಗುವ ಪದ್ಧತಿಗೆ ಆಧುನಿಕ ಕೋರ್ಟುಗಳಲ್ಲಿ ಹಾಕಿಕೊಟ್ಟ ಮೊದಲ ಮೇಲ್ಪಂಕ್ತಿ ಇದು ಎನ್ನುತ್ತಾರೆ.

ಇದನ್ನು ಕಾನೂನಿನೊಳಗೆ ಪೂರ್ತಿಯಾಗಿ ತಂದ ದೇಶ ನ್ಯೂಜಿಲೆಂಡ್. 1989ರಲ್ಲಿ ಮಕ್ಕಳ ಪ್ರಕರಣಗಳಿಗೆ ಕುಟುಂಬಸಭೆ ಬಂತು. ಮನೆಯವರೆಲ್ಲ ಕೂತು ಮಾತಾಡುವ ಮಾವೊರಿ ಜನರ ರೂಢಿ ಅದರ ಹಿಂದಿದೆ. ದೊಡ್ಡವರಿಗೆ 2002ರ ಶಿಕ್ಷಾ ಕಾಯ್ದೆಯಲ್ಲಿ ಜಾಗ ಸಿಕ್ಕಿತು. 2014ರ ಡಿಸೆಂಬರಿನಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜಿಲ್ಲಾ ಕೋರ್ಟಿನಲ್ಲಿ ಆರೋಪಿ ತಪ್ಪೊಪ್ಪಿಕೊಂಡಿದ್ದು, ನೊಂದವರು ಇದ್ದು, ಸಭೆ ನಡೆಸುವ ಸಂಸ್ಥೆ ಹತ್ತಿರದಲ್ಲಿದ್ದರೆ, ನ್ಯಾಯಾಧೀಶರು ಶಿಕ್ಷೆ ಹೇಳುವ ಮುಂಚೆ ಕೇಸನ್ನು ಮುಂದೂಡಲೇಬೇಕು. ಮುಖಾಮುಖಿ ಸಾಧ್ಯವೇ ಎಂದು ಆ ಅವಧಿಯಲ್ಲಿ ವಿಚಾರಿಸುತ್ತಾರೆ. ಯಾರಿಗೂ ಬಲವಂತವಿಲ್ಲ. ಸಭೆ ನಡೆದರೆ ಅದರ ವರದಿ ನ್ಯಾಯಾಧೀಶರ ಮೇಜಿಗೆ ಬರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಅವರೇ ಶಿಕ್ಷೆ ಕೊಡುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಇದು ಕ್ಷಮಾದಾನ ಅಲ್ಲ. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ತೀರ್ಮಾನಿಸುವ ಜಾಗವೂ ಅಲ್ಲ. ‘ಮಾಡಿದ್ದು ನಾನೇ’ ಎಂದು ಒಪ್ಪಿಕೊಂಡ ಮೇಲೆಯೇ ಮಾತು ಶುರು. ‘ನಾನು ಮಾಡೇ ಇಲ್ಲ’ ಎನ್ನುವವನಿಗೆ ಇದು ದಾರಿಯೇ ಅಲ್ಲ. ಅವನು ವಿಚಾರಣೆ ಎದುರಿಸಬೇಕು, ಎದುರಿಸುವುದು ಅವನ ಹಕ್ಕು.

ನಮ್ಮಲ್ಲಿ ಈ ಹೆಸರಿನ ಬಾಗಿಲು ಇಲ್ಲ. ಅರ್ಧಂಬರ್ಧ ಹೋಲುವ ಬಾಗಿಲುಗಳಿವೆ. ಯಾವುದು ಎಷ್ಟು ಹೋಲುತ್ತದೆ ಎಂದು ನೋಡುವಾಗ ನಾನು ಕೇಳಿಕೊಳ್ಳುವುದು ಮೂರು ಪ್ರಶ್ನೆ. ಕಳೆದುಕೊಂಡವರಿಗೆ ಏನು ಸಿಗುತ್ತದೆ? ಮಾಡಿದವನ ಹೆಸರಿನ ಮುಂದೆ ಏನು ಉಳಿಯುತ್ತದೆ? ಇಬ್ಬರೂ ಎದುರುಬದುರು ಕೂರುತ್ತಾರೋ ಇಲ್ಲವೋ?

ರಾಜಿ: ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅವಸರದ್ದು

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂ ಆಗಿದೆ. ಹೊಸ ಕಾನೂನುಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ. ಯಾವ ಅಪರಾಧದಲ್ಲಿ ರಾಜಿ ಮಾಡಿಕೊಳ್ಳಬಹುದು ಎಂದು 359ರಲ್ಲಿ ಎರಡು ಪಟ್ಟಿ ಇದೆ. ಮೊದಲ ಪಟ್ಟಿಯವಕ್ಕೆ ಕೋರ್ಟಿನ ಅನುಮತಿ ಬೇಕಿಲ್ಲ. ಎರಡನೆಯದಕ್ಕೆ ಬೇಕು. ಸಾಮಾನ್ಯ ಕಳ್ಳತನ, ಅತಿಕ್ರಮ ಪ್ರವೇಶ, ಖಾಸಗಿಯವರ ಆಸ್ತಿಗಷ್ಟೇ ಆದ ಹಾನಿ ಮೊದಲ ಪಟ್ಟಿಯಲ್ಲಿವೆ. ಮಾಲೀಕನ ವಸ್ತುವನ್ನು ಕೆಲಸದವನೇ ಕದ್ದರೆ, ನಂಬಿ ಕೊಟ್ಟದ್ದನ್ನು ನುಂಗಿದರೆ, ಮೋಸ ಮಾಡಿ ಹಣ ಕಿತ್ತರೆ ಎರಡನೆಯದಕ್ಕೆ ಬರುತ್ತವೆ.

ರಾಜಿಯ ಫಲ ದೊಡ್ಡದು. ಕಾನೂನಿನ ಕಣ್ಣಲ್ಲಿ ಅದು ಖುಲಾಸೆ. ಶಿಕ್ಷೆಯಾದ ದಾಖಲೆ ಇರುವುದಿಲ್ಲ. ಇಪ್ಪತ್ತರ ಹುಡುಗನಿಗೆ ಇದಕ್ಕಿಂತ ಬೇರೆ ಏನು ಬೇಕು? ಆದರೆ ಕೀಲಿಕೈ ಇರುವುದು ತರಕಾರಿ ಮಾರುವವರ ಕೈಯಲ್ಲಿ. ವಸ್ತುವಿನ ಮಾಲೀಕರು ಒಪ್ಪದೆ ರಾಜಿ ಇಲ್ಲ. ಪೊಲೀಸರು ಹೇಳಿದರೆ ಆಗುವುದಿಲ್ಲ, ಊರ ಯಜಮಾನರು ಹೇಳಿದರೂ ಆಗುವುದಿಲ್ಲ. ನೊಂದವರಿಗೆ ಇಷ್ಟು ಬಲ ಕೊಡುವ ಬಾಗಿಲು ಇನ್ನೊಂದಿಲ್ಲ.

ಕೊರತೆ ಇರುವುದು ಅದು ನಡೆಯುವ ರೀತಿಯಲ್ಲಿ. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ) ಕೋರ್ಟಿನ ವರಾಂಡದಲ್ಲಿ ನಿಂತು ನೋಡಿ. ‘ಎಷ್ಟು ಕೊಟ್ರೆ ಮುಗಿಸ್ತೀರಾ?’ ಇದು ಮೊದಲ ಮಾತು. ‘ಐದು ಸಾವಿರ ಕೊಡಿ.’ ‘ಮೂರಕ್ಕೆ ಮುಗಿಸಿ.’ ಸಹಿ, ಹೆಬ್ಬೆಟ್ಟು, ಮುಗಿಯಿತು. ಹುಡುಗ ತಲೆ ಎತ್ತಿ ಆ ಹೆಂಗಸಿನ ಮುಖ ನೋಡಿರುವುದಿಲ್ಲ. ನಿಜವಾಗಿ ಏನು ಕಳೆದುಹೋಯಿತು ಎಂದು ಅವರನ್ನು ಯಾರೂ ಕೇಳಿರುವುದೇ ಇಲ್ಲ.

ಕೇಳಿದ್ದರೆ ಏನು ಹೇಳುತ್ತಿದ್ದರು? ‘ತಕ್ಕಡಿ ಇಲ್ದೆ ಹದಿನೈದು ದಿನ ಗುಡ್ಡೆ ಲೆಕ್ಕದಲ್ಲಿ ಮಾರಿದೀನಪ್ಪ. ಗುಡ್ಡೆ ಅಂದ್ರೆ ಜನ ಕೈ ಹಾಕಿ ಇನ್ನೊಂದೆರಡು ಎತ್ಕೋತಾರೆ. ಬೀನ್ಸ್ ತೂಗಿ ಕೊಡು ಅಂದೋರು ಪಕ್ಕದೋಳ ಹತ್ರ ಹೋದ್ರು. ಅವರು ಈಗಲೂ ಅಲ್ಲೇ ತಗೋತಾರೆ.’ ಇದು 4,500ರ ಲೆಕ್ಕಕ್ಕೆ ಸಿಗದ ನಷ್ಟ. ಮಹಜರಿನಲ್ಲಿ ಬರೆಯುವುದಿಲ್ಲ, ಚಾರ್ಜ್‌ಶೀಟಿನಲ್ಲೂ ಇರುವುದಿಲ್ಲ. ಹುಡುಗನಿಗೂ ಗೊತ್ತಿರುವುದಿಲ್ಲ. ಅವನ ಲೆಕ್ಕದಲ್ಲಿ ಅವನು ಕದ್ದದ್ದು ಗುಜರಿಯವನು ಕೊಟ್ಟ 600 ರೂಪಾಯಿ, ಅಲ್ವಾ?

ಹಾಗಾಗಿ ರಾಜಿ ಬೇಡ ಎನ್ನುತ್ತಿಲ್ಲ. ರಾಜಿಯೇ ಬೇಕು, ಆದರೆ ಕೂತು ಮಾತಾಡಿದ ರಾಜಿ ಬೇಕು. ಅದಕ್ಕೆ ಲೋಕ ಅದಾಲತ್ ಒಂದು ಜಾಗ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಅದಕ್ಕೆ ಬಲ ಬಂದಿದೆ. ರಾಜಿಯಾಗಬಹುದಾದ ಅಪರಾಧಗಳನ್ನಷ್ಟೇ ಅದು ಕೈಗೆತ್ತಿಕೊಳ್ಳುತ್ತದೆ. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ. ಆದರೆ ರಾಷ್ಟ್ರೀಯ ಲೋಕ ಅದಾಲತ್ ದಿನ ರಾಶಿರಾಶಿ ಕೇಸು ಒಟ್ಟಿಗೆ ಬರುತ್ತವೆ. ಅಲ್ಲಿ ಒಂದು ತಕ್ಕಡಿಯ ಕಥೆ ಕೇಳಲು ಪುರುಸೊತ್ತು ಯಾರಿಗಿದೆ? ಮಧ್ಯಸ್ಥಿಕೆ ಕೇಂದ್ರ ಇದಕ್ಕಿಂತ ಮೇಲು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದ ಕೇಂದ್ರ 2007ರಿಂದ ಇದೆ. ರಾಜಿಯಾಗಬಹುದಾದ ಕ್ರಿಮಿನಲ್ ಪ್ರಕರಣಗಳನ್ನೂ ಮಧ್ಯಸ್ಥಿಕೆಗೆ ಕಳಿಸಬಹುದು ಎಂದು ದೆಹಲಿ ಹೈಕೋರ್ಟ್ 2017ರಲ್ಲಿ ಚೆಕ್ ಬೌನ್ಸ್ ಪ್ರಕರಣವೊಂದರಲ್ಲಿ ಹೇಳಿದೆ. ನಿಮ್ಮ ಕೇಸನ್ನು ಅಲ್ಲಿಗೆ ಕಳಿಸಿ ಎಂದು ಕೇಳಲು ಸಂಕೋಚ ಬೇಡ.

ಒಂದು ಎಚ್ಚರಿಕೆ. ಅದೇ ತಕ್ಕಡಿಯನ್ನು ಸಂತೆಯ ನೆಲದಿಂದಲ್ಲ, ಅವರ ಮನೆಯೊಳಗಿಂದ ಕದ್ದಿದ್ದರೆ ಲೆಕ್ಕವೇ ಬೇರೆ. ವಾಸದ ಮನೆಯ ಕಳ್ಳತನ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದದ್ದು) 305ನೇ ಕಲಮಿಗೆ ಬರುತ್ತದೆ, ಅದು ರಾಜಿ ಪಟ್ಟಿಯಲ್ಲಿ ಇಲ್ಲ. ಆಗ ಇಬ್ಬರೂ ಒಪ್ಪಿದ್ದರೂ ಕೇಸು ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು: ಬೆಂಗಳೂರು, ಧಾರವಾಡ ಅಥವಾ ಕಲಬುರಗಿ. ಖಾಸಗಿ ಸ್ವರೂಪದ ವ್ಯಾಜ್ಯಗಳಲ್ಲಿ ಹೈಕೋರ್ಟ್ ಹೀಗೆ ರದ್ದು ಮಾಡಬಹುದು, ಕೊಲೆ, ಅತ್ಯಾಚಾರ, ದರೋಡೆಯಂಥವುಗಳಲ್ಲಿ ಆಗದು ಎಂದು ಸುಪ್ರೀಂ ಕೋರ್ಟ್ 2012ರ ಗ್ಯಾನ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಒಂದು ತಕ್ಕಡಿಗಾಗಿ ಹೈಕೋರ್ಟಿನ ಖರ್ಚು! ಎಫ್‌ಐಆರ್‌ನಲ್ಲಿ ಯಾವ ಕಲಂ ಹಾಕಿದ್ದಾರೆ ಎಂದು ಮೊದಲ ದಿನವೇ ನೋಡಿಕೊಳ್ಳಿ.

ಪ್ರೊಬೇಷನ್: ಯಾರೂ ಕೇಳದ ಒಳ್ಳೆಯ ಬಾಗಿಲು

1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆ. ಹೆಸರು ಕೇಳಿದರೆ ಏನೋ ಹಳೇ ಕಡತ ಅನ್ನಿಸುತ್ತದೆ. ಓದಿ ನೋಡಿದರೆ ಈ ಹುಡುಗನಿಗಾಗಿಯೇ ಬರೆದಂತಿದೆ.

ತಪ್ಪು ಸಾಬೀತಾದ ಮೇಲೆ ಅಥವಾ ಅವನೇ ಒಪ್ಪಿಕೊಂಡ ಮೇಲೆ ಇದು ಬರುತ್ತದೆ. ಮೊದಲ ಸಲದ ಕಳ್ಳತನ, ಮೋಸ, ಅಥವಾ ಎರಡು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ 3ನೇ ಕಲಮಿನ ಕೆಳಗೆ ಬರೀ ಬುದ್ಧಿ ಹೇಳಿ ಬಿಡಬಹುದು. 4ನೇ ಕಲಮಿನಲ್ಲಿ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮುಚ್ಚಳಿಕೆಯ ಅವಧಿ ಗರಿಷ್ಠ 3 ವರ್ಷ. ಅಷ್ಟರಲ್ಲಿ ಮತ್ತೆ ತಪ್ಪು ಮಾಡಿದರೆ ಕರೆಸಿ ಹಳೆಯ ಕೇಸಿಗೂ ಶಿಕ್ಷೆ ಕೊಡುತ್ತಾರೆ. 21 ವರ್ಷದೊಳಗಿನವರ ವಿಷಯದಲ್ಲಿ 6ನೇ ಕಲಂ ಇನ್ನೂ ಬಿಗಿ: ಜೀವಾವಧಿಯಂಥ ದೊಡ್ಡ ಅಪರಾಧ ಅಲ್ಲದಿದ್ದರೆ ಜೈಲಿಗೆ ಕಳಿಸಬಾರದು, ಕಳಿಸಲೇಬೇಕು ಎನ್ನಿಸಿದರೆ ಕಾರಣ ಬರೆಯಬೇಕು. ಅದಕ್ಕೆ ಮುಂಚೆ ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕು.

ಈ ವರದಿಯೇ ಇಲ್ಲಿನ ಜೀವಾಳ. ಅಧಿಕಾರಿ ಮನೆಗೆ ಬರುತ್ತಾರೆ. ಅಪ್ಪ ಏನು ಮಾಡುತ್ತಾರೆ, ಹುಡುಗ ಎಲ್ಲಿವರೆಗೆ ಓದಿದ್ದಾನೆ, ಯಾರ ಜೊತೆ ಓಡಾಡುತ್ತಾನೆ, ಕೆಲಸ ಕೊಡುವವರು ಯಾರಾದರೂ ಇದ್ದಾರಾ ಎಂದು ವಿಚಾರಿಸುತ್ತಾರೆ. ಬೇರೆ ಯಾವ ಬಾಗಿಲಲ್ಲೂ ‘ಇವನು ಯಾಕೆ ಹೀಗೆ ಮಾಡಿದ’ ಎಂದು ಯಾರೂ ಕೇಳುವುದಿಲ್ಲ.

ನೊಂದವರಿಗೆ? 5ನೇ ಕಲಂ ನೋಡಿ. ಪ್ರೊಬೇಷನ್ ಮೇಲೆ ಬಿಡುವಾಗಲೇ ನಷ್ಟಕ್ಕೆ ಪರಿಹಾರ, ಕೋರ್ಟಿನ ಖರ್ಚು ಕೊಡು ಎಂದು ಆದೇಶ ಮಾಡಬಹುದು. ಇದನ್ನು ಕೇಳುವವರು ತೀರಾ ಕಡಿಮೆ. ಸರ್ಕಾರಿ ವಕೀಲರಿಗೆ ಹೇಳಿ ಕೇಳಿಸಿ. ಗುಡ್ಡೆ ಲೆಕ್ಕದ ಹದಿನೈದು ದಿನದ ನಷ್ಟವನ್ನೂ ಬರೆದುಕೊಡಿ. ಪರಿಹಾರದ ಬಗ್ಗೆ ಪ್ರತಿ ಕ್ರಿಮಿನಲ್ ಪ್ರಕರಣದಲ್ಲೂ ಕೋರ್ಟುಗಳು ಯೋಚಿಸಲೇಬೇಕು, ಕೊಟ್ಟರೂ ಕೊಡದಿದ್ದರೂ ಕಾರಣ ಹೇಳಬೇಕು ಎಂದು ಸುಪ್ರೀಂ ಕೋರ್ಟ್ 2013ರ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಹೇಳಿದೆ. ಅದು ನಿಮ್ಮ ಕೈಲಿರುವ ಅಸ್ತ್ರ.

ದಾಖಲೆಯ ವಿಷಯಕ್ಕೆ ಬಂದರೆ ಪ್ರೊಬೇಷನ್ ರಾಜಿಯಷ್ಟು ಸ್ವಚ್ಛ ಅಲ್ಲ. ತಪ್ಪಿತಸ್ಥ ಎಂಬ ತೀರ್ಪು ಉಳಿಯುತ್ತದೆ. ಆ ತೀರ್ಪಿನಿಂದ ಕಾನೂನುಗಳಲ್ಲಿ ಬರುವ ಅನರ್ಹತೆ ತಟ್ಟುವುದಿಲ್ಲ ಎಂದು 12ನೇ ಕಲಂ ಹೇಳುತ್ತದೆ. ಆದರೆ ಸರ್ಕಾರಿ ನೌಕರನ ಮೇಲೆ ಇಲಾಖೆ ಕ್ರಮ ತೆಗೆದುಕೊಳ್ಳುವುದನ್ನು ಅದು ತಡೆಯುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1990ರಲ್ಲೇ ಸ್ಪಷ್ಟಪಡಿಸಿದೆ.

ಇನ್ನೊಂದು ತೊಡಕು ಹೊರಗಿನಿಂದ ದುಡಿಯಲು ಬಂದವರಿಗೆ. ಆರೋಪಿಗಾಗಲಿ ಅವನ ಜಾಮೀನುದಾರನಿಗಾಗಲಿ ಆ ಕೋರ್ಟಿನ ವ್ಯಾಪ್ತಿಯಲ್ಲಿ ಖಾಯಂ ವಾಸವೋ ಕೆಲಸವೋ ಇರಬೇಕು. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿರುವ ಹುಡುಗ ಇದನ್ನು ತೋರಿಸುವುದು ಹೇಗೆ? ಮೇಸ್ತ್ರಿ ಬಂದು ನಿಂತರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಮುದಾಯ ಸೇವೆ: ಹೊಸದು, ಹೆಸರು ಜೋರು

ಹೊಸ ನ್ಯಾಯ ಸಂಹಿತೆ ಬಂದಾಗ ಪತ್ರಿಕೆಗಳಲ್ಲಿ ಹೆಚ್ಚು ಓಡಿದ್ದು ಇದೇ. 4ನೇ ಕಲಮಿನ ಶಿಕ್ಷೆಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿದ್ದಾರೆ. ಸಿಗುವುದು ಆರೇ ಅಪರಾಧಗಳಿಗೆ. ಜನಸಾಮಾನ್ಯರಿಗೆ ಸಂಬಂಧಿಸಿದ್ದು ಮೂರು: 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಸಲದ ಕಳ್ಳತನ, ಕುಡಿದು ಸಾರ್ವಜನಿಕವಾಗಿ ಗಲಾಟೆ, ಮಾನಹಾನಿ.

ನಮ್ಮ ಹುಡುಗ ಈ ಮೊದಲನೆಯದಕ್ಕೆ ಸರಿಯಾಗಿ ಹೊಂದುತ್ತಾನೆ. ತಕ್ಕಡಿಯನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ 303(2)ರ ಪ್ರಕಾರ ಶಿಕ್ಷೆ ಸಮುದಾಯ ಸೇವೆಯೇ. ಜೈಲಿಲ್ಲ. ಒಳ್ಳೆಯದೇ. ಆದರೆ ಎಷ್ಟು ಗಂಟೆ, ಎಲ್ಲಿ, ಯಾರ ಉಸ್ತುವಾರಿ ಎಂದು ಸಂಹಿತೆ ಹೇಳುವುದಿಲ್ಲ. ಸಮುದಾಯಕ್ಕೆ ಉಪಯೋಗವಾಗುವ, ಸಂಬಳವಿಲ್ಲದ ಕೆಲಸ ಎಂದಷ್ಟೇ ವಿವರಣೆ ಇದೆ. ಉಳಿದದ್ದು ಮ್ಯಾಜಿಸ್ಟ್ರೇಟರ ವಿವೇಕ. ಒಬ್ಬರು ಆಸ್ಪತ್ರೆಗೆ ಕಳಿಸಬಹುದು, ಇನ್ನೊಬ್ಬರು ಪಾರ್ಕ್ ಗುಡಿಸು ಎನ್ನಬಹುದು.

ಪಾರ್ಕ್ ಗುಡಿಸಿದರೆ ತರಕಾರಿ ಮಾರುವವರಿಗೆ ಏನು ಬಂತು? ವಸ್ತುವೋ ಬೆಲೆಯೋ ವಾಪಸು ಸಿಕ್ಕಿತು, ಅಷ್ಟೆ. ಎದುರುಬದುರು ಕೂರುವ ಮಾತಿಲ್ಲ. ಹೊರನೋಟಕ್ಕೆ ಸರಿಪಡಿಸುವ ನ್ಯಾಯದ ಹಾಗೆ ಕಂಡರೂ ಒಳಗೆ ಇದು ಶಿಕ್ಷೆಯೇ, ಸೌಮ್ಯ ಶಿಕ್ಷೆ. ದಾಖಲೆಯಲ್ಲಿ ತಪ್ಪಿತಸ್ಥ ಎಂದೇ ಉಳಿಯುತ್ತದೆ. ಈ ಎರಡನ್ನೂ ಒಂದೇ ಎಂದು ಬರೆಯುವ ಲೇಖನಗಳನ್ನು ನೋಡಿದಾಗ ನನಗೆ ಸ್ವಲ್ಪ ಕಿರಿಕಿರಿ ಆಗುತ್ತದೆ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. 5,000ಕ್ಕಿಂತ ಕಡಿಮೆಯ ಕಳ್ಳತನ ಈಗ ಅಸಂಜ್ಞೇಯ ಅಪರಾಧ, ಜಾಮೀನು ಸಿಗುವಂಥದ್ದು. ಅಂದರೆ ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ದೂರು ಕೊಡಲು ಹೋದರೆ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಂಡು ‘ಕೋರ್ಟಿಗೆ ಹೋಗಿ’ ಎನ್ನಬಹುದು. ಶಿಕ್ಷೆಯನ್ನು ಹಗುರ ಮಾಡಿದ ಅದೇ ಗೆರೆ, ಬಡವರ ಸಣ್ಣ ವಸ್ತು ಹುಡುಕಿಕೊಡುವ ಹೊಣೆಯನ್ನೂ ಹಗುರ ಮಾಡಿದೆ. ಸಂತೆಯಲ್ಲಿ ಕೂರುವವರಿಗೆ 4,500 ರೂಪಾಯಿ ಸಣ್ಣದೇ? ಹಾಗಾಗಿ ವಸ್ತುವಿನ ಬೆಲೆ ಎಷ್ಟೆಂದು ದೂರಿನಲ್ಲಿ ಬರೆಯುವುದು ಬಹಳ ಮುಖ್ಯ. ಕೊಂಡ ರಸೀದಿ ಇದ್ದರೆ ಇಟ್ಟುಕೊಳ್ಳಿ. ಐದು ಸಾವಿರದ ಆಚೆ ಈಚೆ ಆಗುವುದರಿಂದ ಎರಡೂ ಕಡೆಯವರ ದಾರಿ ಬದಲಾಗುತ್ತದೆ.

ಕುಡಿದು ಗಲಾಟೆ ಮಾಡಿದವರಿಗೆ ಮಾತ್ರ ಸಮುದಾಯ ಸೇವೆಯೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಎದುರು ಕೂರಿಸಲು ಇಂಥವರೇ ಎಂಬ ನೊಂದವರು ಇರುವುದಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ ಪ್ರಯೋಗದಲ್ಲೂ ಕುಡಿದು ಗಾಡಿ ಓಡಿಸಿದವರನ್ನು ಸಭೆಗೆ ಕೂರಿಸಿದ್ದರಿಂದ ಮರು ಅಪರಾಧ ಕಡಿಮೆಯಾಗಲಿಲ್ಲ.

ಪ್ಲೀ ಬಾರ್ಗೇನಿಂಗ್: ಮೇಜು ಚೆನ್ನಾಗಿದೆ, ಕೂರುವವರಿಲ್ಲ

ತಪ್ಪೊಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಈ ಪದ್ಧತಿ ನಮ್ಮಲ್ಲಿ 2006ರ ಜುಲೈನಿಂದ ಇದೆ. ಈಗ ಸುರಕ್ಷಾ ಸಂಹಿತೆಯ 289ರಿಂದ 300ನೇ ಕಲಂಗಳು. ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಕ್ಕೆ ಇಲ್ಲ. ಹೆಂಗಸರು ಮಕ್ಕಳ ಮೇಲಿನ ಅಪರಾಧಕ್ಕೂ ಇಲ್ಲ. ದೋಷಾರೋಪ ಹೊರಿಸಿದ 30 ದಿನದೊಳಗೆ ಆರೋಪಿಯೇ ಅರ್ಜಿ ಹಾಕಬೇಕು. ನ್ಯಾಯಾಧೀಶರು ಅವನೊಬ್ಬನನ್ನೇ ಒಳಗೆ ಕರೆದು, ಸ್ವಂತ ಇಚ್ಛೆಯಿಂದ ಬಂದಿದ್ದಾನಾ ಎಂದು ಕೇಳುತ್ತಾರೆ. ಆಮೇಲೆ ಸರ್ಕಾರಿ ವಕೀಲರು, ತನಿಖಾಧಿಕಾರಿ, ಆರೋಪಿ, ನೊಂದವರು ಎಲ್ಲ ಒಟ್ಟಿಗೆ ಕೂತು ಒಪ್ಪುವ ತೀರ್ಮಾನಕ್ಕೆ ಬರಲು 60 ದಿನ ಸಮಯ.

ಮತ್ತೆ ಓದಿ. ಎಲ್ಲರೂ ಒಟ್ಟಿಗೆ ಕೂತು! ನೊಂದವರಿಗೆ ಕಾನೂನೇ ಕುರ್ಚಿ ಹಾಕಿಕೊಟ್ಟಿರುವ ಜಾಗ ಇದು. ಪರಿಹಾರವೂ ತೀರ್ಮಾನದ ಭಾಗ. ಆದರೂ ಇದನ್ನು ಬಳಸುವವರು ಅತ್ಯಲ್ಪ. ಯಾಕೆಂದರೆ ಕೊನೆಗೆ ತಪ್ಪಿತಸ್ಥ ಎಂಬ ತೀರ್ಪು ಬರುತ್ತದೆ, ಅಪೀಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ರಾಜಿಯಲ್ಲಿ ಖುಲಾಸೆ ಸಿಗುವಾಗ ಇಲ್ಲಿಗೆ ಯಾರು ಬರುತ್ತಾರೆ?

ಶಿಕ್ಷೆಯ ಲೆಕ್ಕ ಹೀಗೆ. ತಕ್ಕಡಿ ಗಂಡಸೊಬ್ಬರದಾಗಿದ್ದು ಅದರ ಬೆಲೆ 8,000 ಇದ್ದಿದ್ದರೆ ಕಳ್ಳತನಕ್ಕೆ ಗರಿಷ್ಠ 3 ವರ್ಷ. ಪ್ಲೀ ಬಾರ್ಗೇನಿಂಗ್‌ನಲ್ಲಿ ಅದರ ಕಾಲು ಭಾಗ, ಅಂದರೆ 9 ತಿಂಗಳು. ಮೊದಲ ಸಲದವನಿಗೆ ಆರನೇ ಒಂದು ಭಾಗ, 6 ತಿಂಗಳು. ಇದೇ ಹಂತದಲ್ಲಿ ಪ್ರೊಬೇಷನ್ ಕೊಡಲೂ ಅವಕಾಶವಿದೆ. ವಾಸದ ಮನೆಯ ಕಳ್ಳತನದಂತೆ ರಾಜಿಗೆ ಬಾರದ ಕೇಸಿನಲ್ಲಿ ಈ ಜೋಡಿ ದಾರಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ: ಪ್ಲೀ ಬಾರ್ಗೇನಿಂಗ್ ಮೇಜಿನಲ್ಲಿ ಕೂತು ಮಾತಾಡಿ, ಪರಿಹಾರ ಕೊಟ್ಟು, ಪ್ರೊಬೇಷನ್ ಕೇಳುವುದು. ಇದರ ಬಗ್ಗೆ ನಿಮ್ಮ ವಕೀಲರನ್ನು ನೀವೇ ಕೇಳಬೇಕಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ನಮ್ಮ ಹುಡುಗನಿಗೆ: ಕೂತು ಮಾತಾಡಿದ ರಾಜಿ. ತರಕಾರಿ ಮಾರುವವರು ಒಪ್ಪದಿದ್ದರೆ, ಒಪ್ಪಲೇಬೇಕು ಎಂದೇನಿಲ್ಲ, ಬೆಲೆ ಕಟ್ಟಿಕೊಟ್ಟು ಸಮುದಾಯ ಸೇವೆ. ಬೆಲೆ ಐದು ಸಾವಿರ ದಾಟಿದ್ದರೆ 5ನೇ ಕಲಮಿನ ಪರಿಹಾರದ ಜೊತೆಗೆ ಪ್ರೊಬೇಷನ್.

ಮನೆಗೆಲಸದವರ ಮೇಲೆ ಕಳ್ಳತನದ ದೂರು ಬಂದಾಗ ಸ್ವಲ್ಪ ನಿಂತು ಯೋಚಿಸಿ. ಮಾಲೀಕರು ಒಂದು ಕಡೆ, ತಿಂಗಳ ಸಂಬಳ ನಂಬಿದವರು ಇನ್ನೊಂದು ಕಡೆ. ಇಲ್ಲಿ ‘ಒಪ್ಕೊಂಡುಬಿಡು, ರಾಜಿ ಮಾಡ್ತೀವಿ’ ಎಂಬ ಮಾತಿಗೆ ಮಾಡದ ತಪ್ಪನ್ನೂ ಒಪ್ಪಿಕೊಳ್ಳುವವರಿದ್ದಾರೆ. ಇಂಥ ಕೇಸಿನಲ್ಲಿ ಕೋರ್ಟಿನ ಅನುಮತಿ ಬೇಕು ಎಂದಿರುವುದು ಒಳ್ಳೆಯದೇ. ಮೊದಲು ವಕೀಲರು, ಆಮೇಲೆ ಮಾತು.

ಚೆಕ್ ಬೌನ್ಸ್‌ನಲ್ಲಿ ಕಥೆ ಸರಳ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 147ನೇ ಕಲಮಿನಲ್ಲಿ ರಾಜಿಗೆ ದಾರಿಯಿದೆ, ದೂರು ಕೊಟ್ಟವರಿಗೆ ಬೇಕಾಗಿರುವುದು ದುಡ್ಡು. ಲೋಕ ಅದಾಲತ್ ಸಾಕು. ಎಷ್ಟು ಬೇಗ ಮುಗಿಸಿದರೆ ಅಷ್ಟು ಲಾಭ. ತಡವಾಗಿ ರಾಜಿಗೆ ಬರುವವರು ಚೆಕ್ಕಿನ ಮೊತ್ತದ ಮೇಲೆ ಹಂತಹಂತವಾಗಿ ಏರುವ ವೆಚ್ಚ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ.

ವಾಟ್ಸಾಪ್ ಗ್ರೂಪಿನಲ್ಲಿ ಯಾರದೋ ಮಾನ ಕಳೆದದ್ದಾದರೆ ದುಡ್ಡಿನ ಮಾತೇ ಬೇಡ. ಬೈದದ್ದು ಯಾವ ಗ್ರೂಪಿನಲ್ಲೋ ಕ್ಷಮೆ ಕೇಳಬೇಕಾದದ್ದೂ ಅದೇ ಗ್ರೂಪಿನಲ್ಲಿ. ನೊಂದವರು ಬಯಸುವುದೂ ಸಾಮಾನ್ಯವಾಗಿ ಅದನ್ನೇ. ರಾಜಿ ಪತ್ರದಲ್ಲಿ ಕ್ಷಮೆಯ ಮಾತುಗಳನ್ನು ಅಕ್ಷರಶಃ ಬರೆಸಿ.

18 ವರ್ಷ ತುಂಬದವನಾದರೆ ಈ ಯಾವ ಬಾಗಿಲೂ ಅಲ್ಲ. ಅವನು ಹೋಗಬೇಕಾದದ್ದು ಬಾಲನ್ಯಾಯ ಮಂಡಳಿಗೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಬುದ್ಧಿವಾದ, ಆಪ್ತ ಸಮಾಲೋಚನೆ, ಸಮುದಾಯ ಸೇವೆ ಎಲ್ಲ ಇವೆ. ವಯಸ್ಸಿನ ದಾಖಲೆ ಮೊದಲು ಹುಡುಕಿ, ಶಾಲೆಯ ಸರ್ಟಿಫಿಕೇಟ್ ಸಾಕು.

ಜಾತಿ ನಿಂದನೆ, ದೌರ್ಜನ್ಯ ತಡೆ ಕಾಯ್ದೆಯ ಕೇಸುಗಳಲ್ಲಿ ‘ಕೂತು ಮಾತಾಡಿ ಮುಗಿಸಿಕೊಳ್ಳಿ’ ಎನ್ನುವವರಿಂದ ದೂರ ಇರಿ. ಅಲ್ಲಿ ಎದುರುಬದುರು ಕೂತವರು ಸಮಾನರಾಗಿ ಕೂತಿರುವುದಿಲ್ಲ. ಊರಿನ ಕಟ್ಟೆ ಪಂಚಾಯಿತಿಗೂ ಇದೇ ಮಾತು. ನ್ಯಾಯ ಹೇಳುವವರು ಯಾರು, ದಂಡದ ದುಡ್ಡು ಎಲ್ಲಿಗೆ ಹೋಗುತ್ತದೆ, ಒಪ್ಪದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಸರಿಪಡಿಸುವ ನ್ಯಾಯಕ್ಕೆ ಹಳ್ಳಿಕಟ್ಟೆಯೇ ಮೂಲ ಎಂದು ಹೆಮ್ಮೆಪಡುವವರು ಬಹಿಷ್ಕಾರ ಹಾಕಿಸಿಕೊಂಡವರನ್ನೂ ಒಂದು ಸಲ ಮಾತಾಡಿಸಲಿ. ಠಾಣೆಯಲ್ಲಿ ಬಾಯಿಮಾತಿನಲ್ಲಿ ಆಗುವ ಇತ್ಯರ್ಥವೂ ಬೇಡ. ಕಾಗದ ಇಲ್ಲದ ರಾಜಿ ರಾಜಿಯಲ್ಲ, ನಾಳೆ ಅದೇ ಕೇಸು ಎದ್ದು ಬರಬಹುದು.

ಫಲದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮುಖಾಮುಖಿಯಿಂದ ನೊಂದವರಿಗೆ ಸಮಾಧಾನ ಜಾಸ್ತಿ ಎಂದು ಬ್ರಿಟನ್, ಆಸ್ಟ್ರೇಲಿಯಾಗಳ ಅಧ್ಯಯನಗಳಲ್ಲಿ ಕಂಡಿದೆ. ಮರು ಅಪರಾಧವೂ ಒಂದಿಷ್ಟು ಇಳಿದಿದೆ. ತಮಾಷೆ ಎಂದರೆ, ಸಣ್ಣ ಆಸ್ತಿ ಅಪರಾಧಕ್ಕಿಂತ ಹಿಂಸೆಯ ಅಪರಾಧಗಳಲ್ಲೇ ಆ ಇಳಿಕೆ ಹೆಚ್ಚು. ಸಣ್ಣ ಕಳ್ಳತನಕ್ಕೆ ಇದು ಹೇಳಿಮಾಡಿಸಿದ ಮದ್ದು ಎಂದು ನಾವೆಲ್ಲ ಸುಮ್ನೆ ಅಂದುಕೊಂಡಿರುತ್ತೇವೆ. ಹುಡುಗ ಬದಲಾಗಿಯೇ ಬಿಡುತ್ತಾನೆ ಎಂಬ ಭರವಸೆಯಿಂದ ಈ ದಾರಿ ಹಿಡಿಯಬೇಡಿ. ಕಳೆದುಕೊಂಡವರ ಮಾತು ಒಮ್ಮೆಯಾದರೂ ಅವನ ಕಿವಿಗೆ ಬೀಳಲಿ ಎಂಬ ಕಾರಣಕ್ಕೆ ಹಿಡಿಯಿರಿ.

ಕೂತು ಮಾತಾಡುವುದು, ಕಾಗದ ಮಾಡುವುದು

ಮಾತುಕತೆಗೆ ಹುಡುಗನ ಜೊತೆ ಮನೆಯವರಲ್ಲಿ ಒಬ್ಬರೇ ಬರಲಿ. ಹತ್ತು ಜನ ನೆಂಟರು ಬಂದರೆ ಅದು ಒತ್ತಡವೇ. ಮೊದಲು ಮಾತಾಡಬೇಕಾದವರು ಕಳೆದುಕೊಂಡವರು. ಅವರು ಮುಗಿಸುವವರೆಗೆ ವಕೀಲರೂ ಬಾಯಿ ಹಾಕಬಾರದು. ಹುಡುಗನ ತಾಯಿ ‘ಅಕ್ಕಾ, ಕಾಲಿಗೆ ಬೀಳ್ತೀನಿ’ ಎಂದು ಶುರುಮಾಡಿದರೆ ತಡೆಯಿರಿ. ಹುಡುಗನೇ ಮಾತಾಡಲಿ. ದುಡ್ಡಿನ ಲೆಕ್ಕ ಕೊನೆಗೆ. ಅವನ ಕೈಯಲ್ಲಿ ಆಗುವ ಮೊತ್ತ ಇರಲಿ, ಕಂತಿನಲ್ಲಾದರೂ ಸರಿ, ಅಪ್ಪನ ಜೇಬಿನಿಂದಲ್ಲದೆ ಅವನ ದುಡಿಮೆಯಿಂದ ಬರಲಿ. ಕಂತು ಇದ್ದರೆ ಪೂರ್ತಿ ಮುಗಿದ ಮೇಲೆಯೇ ರಾಜಿ ಅರ್ಜಿಗೆ ಸಹಿ ಹಾಕಿ. ಮೊದಲೇ ಹಾಕಿದರೆ ಖುಲಾಸೆ ಆಗಿಬಿಡುತ್ತದೆ, ಉಳಿದ ಕಂತಿಗೆ ಅಲೆಯಬೇಕಾದವರು ನೀವು.

ರಾಜಿ ಪತ್ರದಲ್ಲಿ ಕೇಸಿನ ನಂಬರು, ಕಲಂ, ಕೊಟ್ಟ ಹಣ, ಕೊಟ್ಟ ದಿನ, ಯಾರ ಬಲವಂತವೂ ಇಲ್ಲ ಎಂಬ ಮಾತು, ಇಬ್ಬರ ಸಹಿ ಇರಬೇಕು. ಓದು ಬಾರದವರಿಗೆ ಕನ್ನಡದಲ್ಲಿ ಓದಿ ಹೇಳಿದವರ ಹೆಸರೂ ಇರಲಿ. ಆದೇಶದ ದೃಢೀಕೃತ ನಕಲು ತೆಗೆದು ಇಟ್ಟುಕೊಳ್ಳಿ. ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆಗೆ, ಕೆಲಸದ ಅರ್ಜಿಗೆ ಬೇಕಾಗುತ್ತದೆ. ಅರ್ಜಿಯಲ್ಲಿ ‘ಹಿಂದೆ ಕೇಸು ಇತ್ತೇ’ ಎಂದು ಕೇಳಿದ್ದರೆ ಖುಲಾಸೆಯಾಗಿದ್ದರೂ ಮುಚ್ಚಿಡಬೇಡಿ. ಸರ್ಕಾರಿ ಕೆಲಸಕ್ಕೆ ಕೇಸಿಗಿಂತ ಮುಚ್ಚಿಟ್ಟದ್ದೇ ಮುಳುವಾಗಬಹುದು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದರ ನಿಯಮಗಳನ್ನು ಬಿಡಿಸಿ ಹೇಳಿದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದರೆ ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿರುವವರು ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಅಂದರೆ ನಮ್ಮ ತರಕಾರಿ ಮಾರುವವರಿಗೂ ಸಿಗುತ್ತದೆ, ಹುಡುಗ ಕಸ್ಟಡಿಯಲ್ಲಿದ್ದರೆ ಅವನಿಗೂ ಸಿಗುತ್ತದೆ. ಸಹಾಯವಾಣಿ 15100.